ಹಬ್ಬ ಹತ್ತಿರ ಬಂತು, ಮನಸ್ಸು ಹೇಗಿದೆ?

ಬೂದಿಕೋಟೆಯ ಕಡೆ ಗೌರಿ-ಗಣೇಶನಿಗೆ ಶುರುವಾದ ಹಬ್ಬದ ಸಾಲು ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸಿದ ಮೇಲೆಯೇ ಮುಗಿಯುವುದು. ನಡುವೆ ಪಿತೃಪಕ್ಷ, ಆಯುಧಪೂಜೆ, ದೀಪಾವಳಿಯ ನೋಮು, ಅಯ್ಯಪ್ಪನ ಮಾಲೆ, ಓಂ ಶಕ್ತಿ ಮಾಲೆ. ಬಂಗಾರಪೇಟೆ ದಾಟಿ ಕೆಜಿಎಫ್‌ಗೆ ಹೋದರೆ ಈ ಪಟ್ಟಿಗೆ ಕ್ರಿಸ್‌ಮಸ್, ಹೊಸ ವರ್ಷ, ಪೊಂಗಲ್ ಕೂಡಿಕೊಳ್ಳುತ್ತವೆ. ಹೆಚ್ಚೂಕಮ್ಮಿ ನಾಲ್ಕೂವರೆ ತಿಂಗಳು. ಇಷ್ಟು ದಿನವೂ ಮನೆಮಂದಿಯೆಲ್ಲ ನಗುನಗುತ್ತಲೇ ಇರಬೇಕು ಎಂದರೆ ಅದು ಆಗದ ಮಾತು.

ಹಬ್ಬದ ದಿನ ಹೇಗೋ ಕಳೆದುಹೋಗುತ್ತದೆ. ಮನೆತುಂಬ ಜನ, ಕೈತುಂಬ ಕೆಲಸ, ಅಳುವುದಕ್ಕೂ ಪುರುಸೊತ್ತಿಲ್ಲ. ಮನಸ್ಸು ಕುಸಿಯುವುದು ಅದರ ಹಿಂದಿನ ಹದಿನೈದು ದಿನ ಮತ್ತು ಮುಂದಿನ ಒಂದು ವಾರದಲ್ಲಿ: ದುಡ್ಡು ಹೊಂದಿಸುವಾಗ, ಈ ಸಲ ಯಾರು ಬರುವುದಿಲ್ಲ ಎಂದು ನೆನೆಸಿಕೊಳ್ಳುವಾಗ, ನೆಂಟರನ್ನು ಬಸ್ಸು ಹತ್ತಿಸಿ ಬಂದು ಖಾಲಿ ನಡುಮನೆಯಲ್ಲಿ ಕುಳಿತಾಗ. ಜೋಪಾನ ಮಾಡಬೇಕಾದ್ದೂ ಆ ದಿನಗಳನ್ನೇ.

ಹೊರದೇಶದಿಂದ ಬಂದ ಒಂದೆರಡು ತಪ್ಪು ತಿಳಿವಳಿಕೆಯನ್ನು ಮೊದಲು ಬದಿಗಿಡೋಣ. ಕ್ರಿಸ್‌ಮಸ್ ಸಮಯದಲ್ಲಿ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂದು ಅಮೆರಿಕದ ಪತ್ರಿಕೆಗಳು ವರ್ಷ ವರ್ಷ ಬರೆಯುತ್ತವೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ಕೇಂದ್ರ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಈ ವರದಿಗಳನ್ನು ಅಂಕಿಅಂಶದ ಜೊತೆ ಇಟ್ಟು ನೋಡುತ್ತಾ ಬಂದಿದೆ. ಅಲ್ಲಿ ನವೆಂಬರ್, ಡಿಸೆಂಬರ್ ತಿಂಗಳುಗಳ ಪ್ರಮಾಣ ವರ್ಷದ ಉಳಿದ ತಿಂಗಳುಗಳಿಗಿಂತ ಕಡಿಮೆಯೇ. ಚಳಿಗಾಲದ ಖಿನ್ನತೆಯ ಮಾತೂ ಹಾಗೆಯೇ. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ವಿವರಿಸಿದ ಆ ಕಾಯಿಲೆಗೆ ಹಗಲು ಗಿಡ್ಡವಾಗುವುದೇ ಮುಖ್ಯ ಕಾರಣ ಎನ್ನುತ್ತಾರೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೂದಿಕೋಟೆಯಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಲಂಡನ್ನಿನಂಥ ಕಡೆ ನೆಲೆಸಿರುವ ಕನ್ನಡದ ಮಕ್ಕಳಿಗೆ ಈ ಎಚ್ಚರ ಬೇಕು, ಇಲ್ಲಿರುವ ಅಪ್ಪ ಅಮ್ಮನಿಗೆ ಬೇಕಿಲ್ಲ.

ಬೇಕಾದ ಎಚ್ಚರ ಬೇರೊಂದಿದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೃದಯಾಘಾತದ ಸಾವುಗಳು ಅತಿ ಹೆಚ್ಚು ಕಂಡದ್ದು ಡಿಸೆಂಬರ್ 25, 26 ಮತ್ತು ಜನವರಿ 1ರಂದು. ‘ಹಬ್ಬ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು’ ಎಂದು ಮುಂದೂಡುವುದು ಇದಕ್ಕೊಂದು ಕಾರಣ ಇರಬಹುದು ಎಂದು ಸಂಶೋಧಕರು ಊಹಿಸಿದರು. ಈ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಕಲಿಸಿಕೊಡಬೇಕಿಲ್ಲ. ಎದೆ ಹಿಡಿದುಕೊಂಡಿತೆಂದರೆ ಅದು ಗ್ಯಾಸೋ, ಗಾಬರಿಯೋ, ಹೃದಯವೋ ಎಂದು ಒಲೆ ಮುಂದೆ ನಿಂತು ತೀರ್ಮಾನಿಸುವುದು ಬೇಡ.

ಇನ್ನು ದುಡ್ಡು. ಕೋಲಾರ ಸೀಮೆಯಲ್ಲಿ ಹಬ್ಬಕ್ಕೆಂದೇ ಚೀಟಿ ಕಟ್ಟುವ ರೂಢಿಯಿದೆ. ತಿಂಗಳಿಗಿಷ್ಟು ಎಂದು ವರ್ಷವಿಡೀ ಕಟ್ಟಿದರೆ ದೀಪಾವಳಿಗೆ ದಿನಸಿ, ಎಣ್ಣೆ, ಪಟಾಕಿ, ಜೊತೆಗೊಂದು ಪಾತ್ರೆ. ಹೊಸತೊಡಕಿಗೆ ಮಟನ್ ಚೀಟಿ ಬೇರೆ. ಒಳ್ಳೆಯ ಏರ್ಪಾಡೇ, ಚೀಟಿ ನಡೆಸುವವರು ಊರಲ್ಲೇ ಉಳಿದರೆ. ಚೀಟಿ ಸಾಲದಾಗ ಡೇರಿಯ ಬಟವಾಡೆಯ ಮೇಲೆ ಕಣ್ಣು, ಅದೂ ಸಾಲದಾಗ ಓಲೆ ಗಿರವಿ, ಅದರಾಚೆಗೆ ವಾರದ ಕಂತಿನ ಫೈನಾನ್ಸು. ಮಗಳಿಗೆ ಗೌರಿ ಬಾಗಿನ, ಹೊಸ ಅಳಿಯನಿಗೆ ಮೊದಲ ದೀಪಾವಳಿಯ ಉಡುಗೊರೆ, ಮಕ್ಕಳಿಗೆ ಬಟ್ಟೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ‘ಊರವರು ಏನಂದಾರು’ ಎಂಬ ಭಯ. ಸಾಲಕ್ಕಿಂತ ಆ ಭಯವೇ ರಾತ್ರಿ ನಿದ್ದೆ ಕೆಡಿಸುತ್ತದೆ.

ಹೀಗಾಗಿ ಹಬ್ಬಕ್ಕೆ ಮೂರು ವಾರ ಇರುವಾಗ ಗಂಡ ಹೆಂಡತಿ, ಕೈಗೆ ಬಂದ ಮಕ್ಕಳು ಒಟ್ಟಿಗೆ ಕುಳಿತು ಒಂದು ಹಾಳೆಯಲ್ಲಿ ಖರ್ಚು ಬರೆಯುವುದು ಒಳ್ಳೆಯದು. ಮೊದಲು ಬರೆಯಬೇಕಾದ್ದು ಕೈಯಲ್ಲಿರುವ ದುಡ್ಡು. ಬೇಕಾದ ಸಾಮಾನು ಆಮೇಲೆ. ಅಪ್ಪ ಒಬ್ಬನೇ ಹೊತ್ತುಕೊಂಡ ಸಾಲದ ಗುಟ್ಟು ಹಬ್ಬದ ಮಾರನೇ ದಿನ ಕಂತಿನವರು ಬಾಗಿಲಿಗೆ ಬಂದಾಗ ಬಯಲಾಗುವುದಕ್ಕಿಂತ ಮುಂಚೆಯೇ ಹಾಳೆಯ ಮೇಲೆ ಬಂದರೆ ಎಲ್ಲರಿಗೂ ಹಗುರ. ಮಕ್ಕಳಿಂದ ಮುಚ್ಚಿಟ್ಟರೂ ಅವಕ್ಕೆ ಹೇಗೂ ಗೊತ್ತಾಗಿರುತ್ತದೆ. ಗೊತ್ತಿಲ್ಲದಂತೆ ನಟಿಸುತ್ತಿರುತ್ತವೆ, ಅಷ್ಟೆ.

ಕಂತು ತಪ್ಪಿದವರು ತಿಳಿದಿರಬೇಕಾದ ಎರಡು ಸಂಗತಿ: ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಕಿರುಸಾಲ ವಸೂಲಿಗೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರಿಗೆ ಕಾಟ ಕೊಡುವಂತಿಲ್ಲ. ನೋಂದಣಿಯಿಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಂಡು ಕೂರುವ ಬದಲು ಠಾಣೆಗೆ ಹೋಗಬಹುದು.

ಕೋಲಾರದ ದೀಪಾವಳಿ ಎಂದರೆ ಕಜ್ಜಾಯ. ಕೇದಾರೇಶ್ವರನ ವ್ರತಕ್ಕೆ 21 ಎಳೆಯ ನೋಮುದಾರ, ಅದರ ಜೊತೆ ಎಣಿಸಿಟ್ಟ ಕಜ್ಜಾಯ, ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು ಬುಟ್ಟಿಯಲ್ಲಿ ದೇವಸ್ಥಾನಕ್ಕೆ ಹೊರಡುತ್ತವೆ. ಆ ಬುಟ್ಟಿಯ ಹಿಂದಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅಕ್ಕಿ ನೆನೆಹಾಕಿ, ಬಸಿದು, ನೆರಳಲ್ಲಿ ಆರಹಾಕಿ, ಪಸೆ ಪೂರ್ತಿ ಹೋಗುವ ಮುಂಚೆ ಹಿಟ್ಟು ಮಾಡಿಸಿಕೊಂಡು ಬರಬೇಕು. ಬೆಲ್ಲದ ಪಾಕ ಒಂದೆಳೆ ಹೆಚ್ಚಾದರೆ ಕಜ್ಜಾಯ ಕಲ್ಲು, ಕಡಿಮೆಯಾದರೆ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಹಿಟ್ಟು ಕಲಸಿ, ಗಸಗಸೆ ಸೇರಿಸಿ, ರಾತ್ರಿಯಿಡೀ ಬಿಟ್ಟು, ಬಾಳೆಲೆಯ ಮೇಲೆ ತಟ್ಟಿ, ಕರಿದು, ಎರಡು ಸಟ್ಟುಗದ ನಡುವೆ ಅದುಮಿ ಎಣ್ಣೆ ಇಳಿಸಬೇಕು. ಮಡಿಯಲ್ಲಿ, ಉಪವಾಸದಲ್ಲಿ. ಈ ಎಲ್ಲ ಹೊತ್ತೂ ಒಲೆಯ ಮುಂದೆ ಇರುವವರು ಮನೆಯ ಒಬ್ಬರೋ ಇಬ್ಬರೋ ಹೆಂಗಸರು. ಕಜ್ಜಾಯ ಗಟ್ಟಿಯಾಯಿತು ಎಂದು ಟೀಕೆ ಮಾಡುವವರು ಮಾತ್ರ ಮನೆಯ ತುಂಬ.

ಸಾಮಾನ್ಯ ದಿನಗಳ ಕಥೆಯೇ ಹೀಗಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ಹಬ್ಬದ ವಾರ ಆ 299 ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಓದುಗರೇ ತಮ್ಮ ಮನೆಯಲ್ಲಿ ಎಣಿಸಿಕೊಳ್ಳಬಹುದು. ಹಬ್ಬ ಮುಗಿದ ಮೇಲೆ ‘ಸುಮ್ಮಸುಮ್ಮನೆ ಸಿಡುಕುತ್ತಾಳೆ’ ಎಂದು ಬೈಸಿಕೊಳ್ಳುವವಳು ನಾಲ್ಕು ರಾತ್ರಿ ಸರಿಯಾಗಿ ಮಲಗಿರುವುದಿಲ್ಲ. ಸುಣ್ಣ ಬಳಿಯುವುದು, ಪಾತ್ರೆ ಬೆಳಗುವುದು, ಹಿಟ್ಟಿನ ಗಿರಣಿಗೆ ಹೋಗುವುದು, ಕರಿದದ್ದನ್ನು ಅದುಮುವುದು, ಇವಕ್ಕೆಲ್ಲ ಗಂಡಸರ ಕೈ ಸಾಲದೇನಲ್ಲ. ಕೆಲಸವನ್ನು ಹೆಸರು ಹಿಡಿದು ಹಂಚಬೇಕು. ‘ಏನಾದ್ರೂ ಹೆಲ್ಪ್ ಬೇಕಾದ್ರೆ ಹೇಳು’ ಎಂದವರು ಯಾವತ್ತೂ ಕೆಲಸ ಮಾಡಿದ್ದಿಲ್ಲ. ಕಾಲ ಕೂಡಿಬರದಿದ್ದರೆ ಬಂಗಾರಪೇಟೆಯಲ್ಲಿ ಕಜ್ಜಾಯ ಕೊಂಡುಕೊಂಡರೂ ಕೇದಾರೇಶ್ವರ ಮುನಿಸಿಕೊಳ್ಳಲಾರ.

ರೇಷ್ಮೆ ಸಾಕುವ ಮನೆಗೆ ಇಷ್ಟೂ ಬಿಡುವಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಹಬ್ಬ ಹುಣ್ಣಿಮೆ ನೋಡುವುದಿಲ್ಲ, ಸೊಪ್ಪು ಕೇಳುತ್ತದೆ. ಇಂಥ ಮನೆಯವರು ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮೇಲೆ ಒಂದು ಭಾನುವಾರ ಹಬ್ಬದ ಊಟ ಇಟ್ಟುಕೊಂಡರೆ ಅದೂ ಹಬ್ಬವೇ.

ಬಿಡುವಾದ ದಿನ ಹಬ್ಬ ಮಾಡುವ ಈ ಮಾತು ಕೆಜಿಎಫ್‌ಗೂ ಹೊಂದುತ್ತದೆ. 1880ರಲ್ಲಿ ಚಿನ್ನದ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ ಊರಿನ ಹಬ್ಬಗಳೆಲ್ಲ ಗಣಿಯ ಸಂಬಳ, ಬೋನಸ್ಸಿನ ಲೆಕ್ಕದಲ್ಲೇ ನಡೆದವು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಹೋದದ್ದು ಸಂಬಳವೊಂದೇ ಅಲ್ಲ. ಶಿಫ್ಟ್ ಮುಗಿಸಿ ಲೈನು ಮನೆಗಳ ಮುಂದೆ ಒಟ್ಟಿಗೆ ಕೂರುತ್ತಿದ್ದ ಹೊತ್ತೂ ಹೋಯಿತು. ಇವತ್ತು ಮಾರಿಕುಪ್ಪಂನಿಂದ ಬೆಳಕು ಹರಿಯುವ ಮುಂಚೆ ಬೆಂಗಳೂರಿನ ರೈಲು ಹತ್ತಿ, ಕತ್ತಲಾದ ಮೇಲೆ ಇಳಿಯುವವರು ಸಾವಿರಾರು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆ ಕೆಲಸದವರಿಗೆ ಡಿಸೆಂಬರ್ 25ಕ್ಕೂ ಡ್ಯೂಟಿ ಬೀಳುತ್ತದೆ, ಪೊಂಗಲ್ಲಿಗೂ ಬೀಳುತ್ತದೆ. ಆಂಗ್ಲೋ ಇಂಡಿಯನ್ ಕುಟುಂಬಗಳ ಮಕ್ಕಳು ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾಗಳಲ್ಲಿ. ಹಿರಿಯರು ಇಲ್ಲಿ ವಿಡಿಯೊ ಕರೆಯ ಮುಂದೆ. ಕರೆ ಮುಗಿದ ಮೇಲಿನ ಒಂದು ಗಂಟೆ ಅವರಿಗೆ ಭಾರ. ಪಕ್ಕದ ಮನೆಯವರು ಹೋಗಬೇಕಾದ್ದು ಆ ಹೊತ್ತಿಗೆ. ಕೇಕಿನ ತುಂಡೋ ಪೊಂಗಲ್ಲಿನ ಡಬ್ಬಿಯೋ ನೆಪಕ್ಕೆ ಸಾಕು.

ಸಾವು ಕಂಡ ಮನೆಗೆ ನಮ್ಮ ರೂಢಿ ಒಂದು ವಿನಾಯಿತಿ ಕೊಟ್ಟಿದೆ. ಮನೆಯಲ್ಲಿ ಸಾವಾದರೆ ಆ ವರ್ಷ ಹಬ್ಬವಿಲ್ಲ. ಹಬ್ಬದ ದಿನವೇ ಸಾವಾಗಿದ್ದರೆ ಆ ಹಬ್ಬವೇ ನಿಂತುಹೋಗುತ್ತದೆ. ಮುಂದೊಂದು ವರ್ಷ ಅದೇ ಹಬ್ಬದ ದಿನ ಮನೆಯಲ್ಲಿ ಮಗುವೋ ಕರುವೋ ಹುಟ್ಟಿದರೆ ಮತ್ತೆ ಶುರು. ಅಕ್ಕಪಕ್ಕದವರು ಸಿಹಿ ತಂದುಕೊಡುತ್ತಾರೆ, ಈ ಮನೆಯಲ್ಲಿ ಒಲೆ ಮೇಲೆ ಎಣ್ಣೆ ಇಡುವುದಿಲ್ಲ. ಮೂಢನಂಬಿಕೆ ಎಂದು ತಳ್ಳಿಹಾಕುವವರು ಇದರ ಒಳ್ಳೆಯ ಬದಿಯನ್ನೂ ನೋಡಬೇಕು: ದುಃಖದಲ್ಲಿರುವವರು ನಗಬೇಕಿಲ್ಲ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು, ನವೆಂಬರ್ 2ರಂದು ಕ್ರೈಸ್ತರು ಸಮಾಧಿಗಳ ಮೇಲೆ ಮೊಂಬತ್ತಿ ಹಚ್ಚುವುದು, ಎರಡರಲ್ಲೂ ಅಳುವುದಕ್ಕೊಂದು ಗೊತ್ತಾದ ದಿನವಿದೆ. ಆದರೆ ಅದೇ ರೂಢಿ ಗಂಡ ಸತ್ತವಳನ್ನು ಅರಿಶಿನ ಕುಂಕುಮದಿಂದ ದೂರ ನಿಲ್ಲಿಸಿದಾಗ ಅದು ವಿನಾಯಿತಿ ಅನ್ನಿಸಿಕೊಳ್ಳುವುದಿಲ್ಲ, ಬರೀ ಅವಮಾನ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮನೆಯ ಹಿರಿಯರಿಗೆ ಬಿಟ್ಟದ್ದು, ಅದರಲ್ಲೂ ಹಿರಿಯ ಹೆಂಗಸರಿಗೆ.

ನೆಂಟರು ಸೇರಿದರೆ ಪ್ರಶ್ನೆಗಳೂ ಶುರು: ‘ಎಷ್ಟು ಪರ್ಸೆಂಟು ಬಂತು?’, ‘ಮದುವೆ ಯಾವಾಗ?’, ‘ಇನ್ನೂ ವಿಶೇಷ ಇಲ್ವಾ?’ ಕೇಳುವವರು ಮರೆತುಬಿಡುತ್ತಾರೆ, ಕೇಳಿಸಿಕೊಂಡವರು ವಾರಗಟ್ಟಲೆ ಮರೆಯುವುದಿಲ್ಲ. ಹುಡುಗರೇ ಉತ್ತರ ಕೊಡುವ ಬದಲು ಅಜ್ಜಿಯೋ ದೊಡ್ಡಪ್ಪನೋ ಮಾತು ತಿರುಗಿಸಿದರೆ ಚೆಂದ; ‘ಅದಿರ್ಲಿ, ನಿಮ್ಮ ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಯ್ತು?’ ಎಂದರೆ ಕೋಲಾರದಲ್ಲಿ ಮುಂದಿನ ಅರ್ಧ ಗಂಟೆ ಬೇರೆ ವಿಷಯವೇ ಬರುವುದಿಲ್ಲ.

ಕುಡಿತದ ವಿಷಯದಲ್ಲಿ ನಿಧಾನಿಸಬೇಕು, ಏಕೆಂದರೆ ಇಲ್ಲಿ ಹೆಚ್ಚಿನವರಿಗೆ ತಿಳಿಯದ ಅಪಾಯವೊಂದಿದೆ. ನವೆಂಬರ್ ಮಧ್ಯದಿಂದ ಅಯ್ಯಪ್ಪನ ಮಾಲೆ ಶುರು. 41 ದಿನದ ವ್ರತದಲ್ಲಿ ಕುಡಿತ ಬಿಡಬೇಕು. ಎಷ್ಟೋ ಹೆಂಡತಿಯರು ವರ್ಷವಿಡೀ ಕಾಯುವುದು ಆ ದಿನಗಳಿಗೆ. ಆದರೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆಗೇಡು ಬರಬಹುದು. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನ ಇಲ್ಲದ್ದು ಕಾಣುವುದು, ಹೊತ್ತುಗೊತ್ತು ತಿಳಿಯದೆ ಬಡಬಡಿಸುವುದು ಆಗಬಹುದು. ಮನೆಯವರು ಇದನ್ನು ಮೈಮೇಲೆ ದೇವರು ಬಂತೆಂದೋ ಗಾಳಿ ಸೋಕಿತೆಂದೋ ತಿಳಿದು ಕುಂಕುಮ ಹಚ್ಚುತ್ತಾ ಕುಳಿತರೆ ಜೀವಕ್ಕೇ ಕುತ್ತು. ಇದಕ್ಕೆ ಆಸ್ಪತ್ರೆಯಲ್ಲಿ ಸರಿಯಾದ ಔಷಧಿ ಇದೆ, ಬಿ-1 ಜೀವಸತ್ವದ ಇಂಜೆಕ್ಷನ್ ಇದೆ. ಮಾಲೆ ಹಾಕುವ ಒಂದು ವಾರ ಮುಂಚೆಯೇ ವೈದ್ಯರನ್ನು ಕಂಡು ಕುಡಿತ ಬಿಡುವುದು ಕ್ಷೇಮದ ದಾರಿ. ಜನವರಿ 1ರ ಶಪಥದವರಿಗೂ ಇದೇ ಮಾತು. ಮಾಲೆ ತೆಗೆದ ಸಂಜೆ ಬಹಳ ಜನ ಮತ್ತೆ ಅಂಗಡಿಯ ಮುಂದೆ ನಿಲ್ಲುತ್ತಾರೆ. ಆ ಸಂಜೆಗೆ ಬೇರೆ ಏನಾದರೂ ಕೆಲಸವನ್ನು ಮನೆಯವರು ಮೊದಲೇ ಗೊತ್ತು ಮಾಡಿಟ್ಟರೆ ಒಳ್ಳೆಯದು.

ಓಂ ಶಕ್ತಿ ಮಾಲೆಯ ಕಥೆ ಬೇರೆ. ಡಿಸೆಂಬರ್, ಜನವರಿಯಲ್ಲಿ ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿಗೆ ಹೊರಡುವ ಬಸ್ಸುಗಳಲ್ಲಿ ಕೂರುವ ಎಷ್ಟೋ ಹೆಂಗಸರಿಗೆ ವರ್ಷದಲ್ಲಿ ಸಿಗುವ ರಜೆ ಅದೊಂದೇ. ಹಾಡು, ಗೆಳತಿಯರು, ಬೇರೆಯವರು ಬಡಿಸಿದ ಊಟ. ಭಕ್ತಿಯ ಜೊತೆಗೆ ಇದೂ ಸೇರಿಕೊಂಡರೆ ತಪ್ಪೇನು? ಅತ್ತೆಗೆ ಬಿಪಿ ಮಾತ್ರೆ ಕೊಡುವವರು ಯಾರು ಎಂಬ ಚಿಂತೆಯಿಲ್ಲದೆ ಅವರು ಬಸ್ಸು ಹತ್ತುವಂತೆ ಮಾಡುವುದು ಮನೆಯಲ್ಲಿ ಉಳಿಯುವವರ ಹೊಣೆ.

ಮನಸ್ಸಿನ ಕಾಯಿಲೆಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ವ್ರತದ ನೆಪದಲ್ಲಿ ಅದನ್ನು ಬಿಡಬಾರದು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ನೀರು ಕುಡಿಯದ ಉಪವಾಸದಿಂದ ರಕ್ತದಲ್ಲಿ ಔಷಧಿಯ ಪ್ರಮಾಣ ಏರಿ ವಿಷವಾಗಬಹುದು. ರಂಜಾನ್ ರೋಜಾ ಇರಲಿ, ಏಕಾದಶಿ ಇರಲಿ, ವೈದ್ಯರನ್ನು ಮೊದಲೇ ಕೇಳಬೇಕು. ಒಮ್ಮೆ ವಿಪರೀತ ಉಮೇದು, ಒಮ್ಮೆ ಕುಸಿತ ಬರುವ ಬೈಪೋಲಾರ್ ಕಾಯಿಲೆಯವರಿಗೆ ಒಂದು ರಾತ್ರಿಯ ನಿದ್ದೆಗೇಡೂ ಕಾಯಿಲೆ ಕೆರಳಿಸಬಲ್ಲದು. ಕಮ್ಮಸಂದ್ರದ ಕೋಟಿಲಿಂಗೇಶ್ವರನ ಶಿವರಾತ್ರಿ ಜಾಗರಣೆಗೂ ಊರ ಕರಗದ ರಾತ್ರಿಗೂ ಅವರು ಹೋಗಲಿ, ಹತ್ತು ಗಂಟೆಗೆ ಮನೆಗೆ ಬಂದು ಮಲಗಲಿ. ಊರಿಗೆ ಹೊರಡುವಾಗ ಮಾತ್ರೆಯನ್ನು ಒಂದು ವಾರಕ್ಕೆ ಹೆಚ್ಚಾಗಿ ಕಟ್ಟಿಕೊಳ್ಳಬೇಕು; ಹಬ್ಬದಲ್ಲಿ ಎಲ್ಲ ಮೆಡಿಕಲ್ ಸ್ಟೋರೂ ತೆರೆದಿರುವುದಿಲ್ಲ.

ಹೇಳಿಕೊಳ್ಳುವುದಾದರೆ ಯಾರಿಗೆ? ಇದಕ್ಕೆ ಬೂದಿಕೋಟೆಯಲ್ಲೇ ಒಂದು ಹಳೆಯ ಉತ್ತರವಿದೆ. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಈ ಹಳ್ಳಿಯಲ್ಲಿ 2000ದ ದಶಕದ ಆರಂಭದಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕೇಂದ್ರ ಶುರುವಾಯಿತು. ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು, ಯುನೆಸ್ಕೋ ನೆರವು, ನಡೆಸುವವರ ಸಾಲಿನಲ್ಲಿ ಸ್ವಸಹಾಯ ಸಂಘದ ಹೆಂಗಸರು. ಹಳ್ಳಿಯ ಸಂಸ್ಥೆಗಳಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ದಾರಿಯಾದದ್ದು 2006ರ ನೀತಿಯಿಂದ. ಅದಕ್ಕೂ ಮುಂಚೆ ಇವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. ಅಕ್ಕಪಕ್ಕದ ಮನೆಯವರ ಮಾತು ಹಾಗೆ ಎಲ್ಲರ ಕಿವಿಗೆ ಬಿತ್ತು. ಈ ಸಂಘಗಳ ಸಭೆಗೆ ಇನ್ನೊಂದು ಬಳಕೆಯೂ ಸಾಧ್ಯ. ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ಬಂದವರ ಕಷ್ಟ ಕೇಳಿ, ಒಂದನ್ನು ಆರಿಸಿಕೊಂಡು ದಾರಿ ಹುಡುಕುವುದು ಅವರ ಕೆಲಸ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ತಿಂಗಳ ನಂತರ ಹೀಗೆ ಬೆಂಚಿಗೆ ಬಂದವರ ಖಿನ್ನತೆ, ಆತಂಕ ಸ್ಪಷ್ಟವಾಗಿ ಇಳಿದಿದ್ದವು. ಸಂಘದ ಸಭೆಯಲ್ಲಿ ಕಂತು ಎಣಿಸಿದ ಮೇಲೆ ಹತ್ತು ನಿಮಿಷ ‘ಈ ವಾರ ಯಾರಿಗೆ ನಿದ್ದೆ ಬರುತ್ತಿಲ್ಲ?’ ಎಂದು ಕೇಳುವುದಕ್ಕೆ ಯಾವ ಅನುದಾನವೂ ಬೇಡ.

ಮಾತಿಗೆ ನಿಲುಕದ ಸ್ಥಿತಿ ಯಾವುದು ಎಂದು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಎರಡು ವಾರ ದಾಟಿದರೂ ಬೇಜಾರು ಇಳಿಯದಿದ್ದರೆ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ದಿನದ ಕೆಲಸವೇ ಬೆಟ್ಟವಾದರೆ ವೈದ್ಯರನ್ನು ಕಾಣಬೇಕು. ಹಳ್ಳಿಯಲ್ಲಿ ಇದು ಹೆಚ್ಚಾಗಿ ಮೈ ಕೈ ನೋವು, ಉರಿ, ಸುಸ್ತು, ತಲೆಭಾರದ ವೇಷದಲ್ಲಿ ಬರುತ್ತದೆ. ರಕ್ತಪರೀಕ್ಷೆಗಳೆಲ್ಲ ಸರಿಯಿದ್ದೂ ನೋವು ಹೋಗುತ್ತಿಲ್ಲವೆಂದರೆ ಮನಸ್ಸಿನ ಕಡೆಯೂ ನೋಡಬೇಕು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪೂರ್ವಪರೀಕ್ಷೆ ನಡೆದದ್ದು ಕೋಲಾರ ಜಿಲ್ಲೆಯಲ್ಲೇ. ದೇಶದ ವಯಸ್ಕರಲ್ಲಿ 10.6 ಪ್ರತಿಶತ ಮಂದಿಗೆ ಆಗ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಯ ಪ್ರತಿ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಚಿಕಿತ್ಸೆ ಬಹಳ ದೂರವೇನಿಲ್ಲ. 2014ರಲ್ಲಿ ರಾಜ್ಯ ಶುರುಮಾಡಿದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಈ ವಾರ ಯಾವ ತಾಲ್ಲೂಕಿನ ಸರದಿ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ವಿಚಾರಿಸಿ ಹೊರಟರೆ ಬಸ್ ಚಾರ್ಜು ಉಳಿಯುತ್ತದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಟೆಲಿ-ಮಾನಸ್ ಉಚಿತ, ರಾತ್ರಿ ಹಗಲು ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ, ಬೇಕೆನಿಸಿದರೆ ಮನೋವೈದ್ಯರಿಗೆ ದಾಟಿಸುತ್ತಾರೆ.

ಯಾರಾದರೂ ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎಂಬ ಧಾಟಿಯಲ್ಲಿ ಮಾತಾಡಿದರೆ ಹಬ್ಬದ ಮನೆಯಲ್ಲಿ ಅಪಶಕುನವೆಂದು ಬಾಯಿ ಮುಚ್ಚಿಸಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಮನೆಯಿಂದ ತೆಗೆಯಬೇಕು, ಇಲ್ಲವೇ ಬೀಗ ಹಾಕಿ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಪ್ರಯತ್ನ ನಡೆದೇಬಿಟ್ಟಿದ್ದರೆ ಕೇಸಾಗುತ್ತದೆಂದು ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವುದು ಬೇಡ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ. ತುರ್ತಿಗೆ 112 ಅಥವಾ 108. ಒಂಟಿ ಹಿರಿಯರ ನೆರವಿಗೆ 14567, ಕುಡಿತ ಬಿಡಿಸಲು 14446, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ 181, ಮಕ್ಕಳಿಗೆ 1098. ಹಬ್ಬದ ಸಾಮಾನಿನ ಪಟ್ಟಿ ಬರೆಯುವ ಹಾಳೆಯ ಹಿಂಬದಿಗೇ ಈ ನಂಬರುಗಳನ್ನೂ ಬರೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಬಹುದು.